ಬಂತೇನ್ರಿ ಮಾಬುಸಾಬ

ನವಲಗುಂದದ ಪೇಟೆಯ ರಸ್ತೆಯಲ್ಲಿ, ಎಡವಲು ಒಂದು ಹರಳೂ ಇಲ್ಲದ ಸಪಾಟು ನೆಲದ ಮೇಲೆ, ಹಿರಿಯರೊಬ್ಬರು ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ಮೊಣಕಾಲೆತ್ತಿ, ಏನನ್ನೋ ಮೆಲ್ಲಗೆ ದಾಟಿ, ಏನೂ ಆಗದವರಂತೆ ಮತ್ತೆ ಮುಂದೆ ಸಾಗಿದರೆ, ಅವರು ಮಾಬುಸಾಬ ಎಂದು ತಿಳಿಯಬೇಕು. ಅವರು ದಾಟಿದ್ದು ವೈರನ್ನು. ಅಲ್ಲಿ ವೈರಿರುವುದಿಲ್ಲ, ಆ ಮಾತು ಬೇರೆ. ಮಂದಿಯ ಮನೆಗಳಲ್ಲಿ, ಶಾಲೆಗಳಲ್ಲಿ, ಪಂಚಾಯತಿಯ ಸಭೆಗಳಲ್ಲಿ, ಮದುವೆಯ ಹಂದರಗಳಲ್ಲಿ ನೆಲದುದ್ದಕ್ಕೂ ಹರಿದಾಡುವ ವೈರುಗಳನ್ನು ತುಳಿಯದೆ ಕಾಲಿಡುವುದನ್ನೇ ಆಯುಷ್ಯವೆಲ್ಲ ರೂಢಿಸಿಕೊಂಡ ಆ ಪಾದಗಳಿಗೆ ಬಯಲಿನಲ್ಲೂ ಬಿಡುವಿಲ್ಲ. ಪೇಟೆಯ ಪಡ್ಡೆಗಳು ಹಿಂದೆ ಹಿಂದೆ ಹೋಗಿ ತಾವೂ ಕಾಲೆತ್ತಿ ಅಣಕಿಸುತ್ತಾರೆ. ಊರಿಗೆಲ್ಲ ಕಾಕಾ ಆಗಿರುವ ಅವರು ತಿರುಗಿ ನೋಡಿ, "ನೋಡಿ ಕಾಲಿಡ್ರಲೇ, ಪಿನ್ನ ಕಿತ್ತೀತು" ಎಂದು ಗಂಭೀರವಾಗಿಯೇ ಎಚ್ಚರಿಸುತ್ತಾರೆ.

ಅವರ ಉದ್ಯೋಗಕ್ಕೆ ಒಂದು ಹೆಸರಿಡುವುದು ಕಷ್ಟ. ಅವರು ಟಿವಿ ಮಾರುವವರಲ್ಲ, ರಿಪೇರಿ ಮಾಡುವವರೂ ಅಲ್ಲ. ಗೋಡೆಗೆ ನೇತುಹಾಕುವ ಈ ತೆಳುಮೈಯ ಟಿವಿಗಳಿಗೆ ಲ್ಯಾಪ್‌ಟಾಪನ್ನೋ, ಕ್ಯಾಮೆರಾವನ್ನೋ, ಡಿಶ್ಶಿನ ಡಬ್ಬಿಯನ್ನೋ, ಯಾರೋ ಅಟ್ಟದಿಂದ ಇಳಿಸಿದ ಹಳೆಯ ಡಿವಿಡಿ ಪ್ಲೇಯರನ್ನೋ ಜೋಡಿಸಿ, ಚಿತ್ರ ಬಂದದ್ದು ಖಾತ್ರಿಯಾದ ಮೇಲೆ ಚಹಾ ಕುಡಿದು ಹೊರಟುಹೋಗುವುದು ಅವರ ಕೆಲಸ. ಬೇಸಿಗೆಯಲ್ಲೂ ಮೈಬಿಡದ ಕಂದು ಕೋಟೊಂದು ಅವರಿಗುಂಟು. ಅದರ ಒಳಮೈಗೆ ಹೆಂಡತಿ ಹಸೀನಾಬಿ ಹೊಲಿದುಕೊಟ್ಟ ಕಿಸೆಗಳು ಸಾಲುಸಾಲು. ಒಂದರಲ್ಲಿ ಕೆಂಪು, ಬಿಳಿ, ಹಳದಿ ಮೂತಿಗಳ ಹಳೆಯ ಕಾಲದ ವೈರು. ಒಂದರಲ್ಲಿ ಅಕ್ಕಪಕ್ಕ ಎರಡು ತಿರುಪುಗಳಿರುವ ಕಂಪ್ಯೂಟರಿನ ನೀಲಿ ಪಿನ್ನು. ಒಂದರಲ್ಲಿ ಈಗಿನ ಕಾಲದ ಚಪ್ಪಟೆ ಬಾಯಿಯ ಎಚ್‌ಡಿಎಂಐ. ಇನ್ನುಳಿದವುಗಳಲ್ಲಿ ಒಂದರ ಭಾಷೆಯನ್ನು ಮತ್ತೊಂದಕ್ಕೆ ತಿಳಿಯಪಡಿಸುವ ಪುಟ್ಟ ಪುಟ್ಟ ಡಬ್ಬಿಗಳು. ಕಾಕಾ ಕಣ್ಣಿಟ್ಟು ಹುಡುಕುವುದಿಲ್ಲ. ಎದೆಯ ಮೇಲೆ ಕೈಯಾಡಿಸಿ, ಬಟ್ಟೆಯ ಮೇಲಿನಿಂದಲೇ ಗುರುತಿಸಿ, ಬೇಕಾದದ್ದನ್ನು ಹೊರಗೆಳೆಯುತ್ತಾರೆ.

ಆದರೆ ಮಂದಿ ಅವರಿಗಿಟ್ಟ ಹೆಸರು ಕೋಟಿನಿಂದ ಬಂದದ್ದಲ್ಲ. ಜೋಡಣೆಯ ಜಾಗಗಳೆಲ್ಲ ಟಿವಿಯ ಬೆನ್ನಿಗಿರುವುದರಿಂದ ಕಾಕಾ ಇರುವುದು ಸದಾ ಅದರ ಹಿಂದೆ, ಗೋಡೆಗೂ ಅದಕ್ಕೂ ನಡುವಿನ ಇಕ್ಕಟ್ಟಿನಲ್ಲಿ ತಲೆ ತೂರಿಸಿಕೊಂಡು. ಪಿನ್ನು ಕೂಡಿಸಿ ಅಲ್ಲಿಂದಲೇ ಕೇಳುತ್ತಾರೆ, "ಬಂತೇನ್ರಿ?" ಇಲ್ಲವೆಂದರೆ ಇನ್ನೊಂದು ಪಿನ್ನು, ಮತ್ತೊಮ್ಮೆ "ಬಂತೇನ್ರಿ?" ಈ ಸೀಮೆಗೆಲ್ಲ ಅವರು ಬಂತೇನ್ರಿ ಮಾಬುಸಾಬ ಎಂದೇ ಪ್ರಸಿದ್ಧರು. ವಿಚಿತ್ರವೆಂದರೆ ಚಿತ್ರ ಬಂದ ಮೇಲೂ ಅವರು ಮುಂದೆ ಬಂದು ಅದನ್ನು ನೋಡುವುದಿಲ್ಲ. ಟಿವಿಯ ಅಂಚಿನಿಂದ ಇಣುಕಿ, ಎದುರಿಗೆ ಕುಳಿತವರ ಮುಖಗಳನ್ನು ನೋಡುತ್ತಾರೆ. ಬೆಳಕು ಬಿದ್ದು ಆ ಮುಖಗಳು ಅರಳಿದರೆ ಅವರ ಕೆಲಸ ಮುಗಿಯಿತು.

ನಾನು ಅವರನ್ನು ಮೊದಲು ಕಂಡದ್ದು ಮೊರಬದಲ್ಲಿ, ನಾನು ಪಾಠ ಹೇಳುವ ಶಾಲೆಯಲ್ಲಿ. ಯಾರೋ ದಾನಿಗಳು ದೊಡ್ಡದೊಂದು ಟಿವಿ ಕೊಟ್ಟಿದ್ದರು. ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ, ಯಾವ ಗುಂಡಿ ಒತ್ತಬೇಕೋ ಅದನ್ನೆಲ್ಲ ಒತ್ತಿದರೂ ಬರೀ ನೀಲಿ. ಆ ನೀಲಿಯಲ್ಲಿ 'ಸಿಗ್ನಲ್ ಇಲ್ಲ' ಎಂಬ ಪುಟ್ಟ ಚೌಕವೊಂದು ಮೆಲ್ಲಗೆ ತೇಲುತ್ತ ಅಂಚಿಗೆ ಬಡಿದು ಹಿಂದಿರುಗುತ್ತಿತ್ತು. ಕಾಕಾ ಬಂದವರೇ ಹಿಂದಿನ ಬೆಂಚಿನ ಮೇಲೆ ಕೂತು ಅದನ್ನೇ ನೋಡತೊಡಗಿದರು. ನನಗೆ ಪಾಠದ ಅವಸರ. "ಕಾಕಾ, ಜೋಡಸ್ರಲ್ಲ" ಎಂದೆ.

"ತಡೀರಿ ಅಕ್ಕೋರ, ಅದು ಮೂಲಿಗೆ ಹತ್ತಲಿ."

ತೇಲುವ ಆ ಚೌಕ ಸರಿಯಾಗಿ ಮೂಲೆಗೆ ತಾಗುವತನಕ ಅವರು ಯಾವ ಟಿವಿಯ ಬೆನ್ನಿಗೂ ಕೈ ಹಾಕುವುದಿಲ್ಲವಂತೆ. ಈ ಹಟಕ್ಕೆ ಕಾರಣ ಕೇಳಿದರೆ ನಗುತ್ತಾರೆ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಗದ್ದಲ ಹಾಕುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾಗಿ ಆ ಚೌಕದ ಹಿಂದೆ ಕಣ್ಣು ಹರಿಸುತ್ತಿದ್ದುದನ್ನು ಕಂಡು ನಾನೂ ಕುರ್ಚಿಯ ಮೇಲೆ ಕೂತೆ. ಕಿಟಕಿಯಾಚೆ ಎರೆಮಣ್ಣಿನ ಹೊಲಗಳಲ್ಲಿ ಹತ್ತಿ ಬಿರಿದಿತ್ತು, ಎಲ್ಲೋ ದೂರದಲ್ಲಿ ಟ್ರ್ಯಾಕ್ಟರೊಂದು ಜೋಗುಳದಂತೆ ಗುನುಗುತ್ತಿತ್ತು, ಕೋಣೆಯೊಳಗಿನ ನೀಲಿಗೂ ಹೊರಗಿನ ಮುಗಿಲಿಗೂ ನಡುವೆ ಗೋಡೆಯೇ ಇಲ್ಲವೆನಿಸಿ, ಯಾವ ಪಾಠಕ್ಕೆ ನಾನು ಅಷ್ಟು ಅವಸರಪಟ್ಟಿದ್ದೆನೋ ಅದು ಮರೆತೇಹೋಯಿತು. ಚೌಕ ಮೂಲೆಗೆ ತಾಗಿದಾಗ ಇಡೀ ತರಗತಿ 'ಹೋ' ಎಂದಿತು. ಕಾಕಾ ಎದ್ದು, ಸತ್ತಿದ್ದ ವೈರನ್ನು ಕಿತ್ತು, ಎದೆಯಿಂದ ಇನ್ನೊಂದನ್ನು ತೆಗೆದು ಕೂಡಿಸಿ, ಚಿತ್ರ ಯಾವ ಪಿನ್ನಿನಿಂದ ಬರುತ್ತದೆಂಬುದನ್ನು ರಿಮೋಟಿನಲ್ಲಿ ಆರಿಸಿದರು; ಚಿತ್ರ ಬಂತು. ಜೋಡಣೆಯ ಬಗ್ಗೆ ಅವರು ಮಕ್ಕಳಿಗೆ ಹೇಳಿದ ಮಾತು ನನಗಿನ್ನೂ ನೆನಪಿದೆ.

"ಟಿವಿಗೆ ಯಾವ ಬಾಗಲದಿಂದ ಮಂದಿ ಬರಾಕತ್ತಾರಂತ ಮದ್ಲ ಹೇಳಬೇಕು. ಹೇಳ್ಲಿಲ್ಲಂದ್ರ ಅದು ಮುಂಚಿ ಬಾಗಲಾ ಕಾಯ್ಕೋತ ಕುಂದರತೈತಿ, ಬಂದ ಮಂದಿ ಹಿತ್ತಲದಾಗ ನಿಂತಿರ್ತಾರ."

ಅದೇ ಊರಿನ ಮಹಾದೇವಕ್ಕನ ಮನೆಯ ಪ್ರಸಂಗವನ್ನೂ ಹೇಳಬೇಕು. ಮನೆಯವರು ಹಳೆಯ ಡಬ್ಬಿ ಟಿವಿಯನ್ನು ತೆಗೆದು ತೆಳುವಾದದ್ದನ್ನು ತಂದಾಗ ಮುದುಕಿ ಕೆಂಡವಾಗಿದ್ದಳು. ಹಳೆಯದರ ನೆತ್ತಿಯ ಮೇಲೆ ಅವಳು ಕಸೂತಿಯ ವಸ್ತ್ರ ಹಾಸಿ ಬಸವಣ್ಣನ ಫೋಟೋ, ವಿಭೂತಿಗಟ್ಟಿ, ಊದಿನಕಡ್ಡಿಯ ಪೊಟ್ಟಣ ಎಲ್ಲ ಇಟ್ಟುಕೊಂಡಿದ್ದಳು. ಹೊಸದರ ನೆತ್ತಿ ಬೆರಳಿನಷ್ಟೂ ಅಗಲವಿರಲಿಲ್ಲ. "ಇದಕ್ಕ ಬೆನ್ನಽ ಇಲ್ಲಲ್ಲೋ ಮಾಬುಸಾಬ! ದೇವರ್ನ ಎಲ್ಲೆ ಇಡ್ಲಿ?" ಎಂದು ಅವಳು ಕೂಗಾಡಿದರೆ, ಕಾಕಾ ಗೋಡೆಯ ಸಂದಿಯಿಂದ, "ಬೆನ್ನ ಐತಬೇ ಯವ್ವಾ, ನಾ ಅದರಾಗ ಅದೇನಿ" ಎಂದರಂತೆ. ಮರುದಿನ ಹಲಗೆಯೊಂದನ್ನು ತಂದು ಟಿವಿಯ ಮೇಲ್ಗಡೆ ಗೋಡೆಗೆ ಬಡಿದು, ಬಸವಣ್ಣನನ್ನು ಮತ್ತೆ ಅವನ ಜಾಗದಲ್ಲಿ ಕೂರಿಸಿದ ಮೇಲೆಯೇ ಅವರಿಗೆ ಆ ಮನೆಯ ಚಹಾ ಸಿಕ್ಕಿದ್ದು.

ಅವರಿಗೆ ಇನ್ನೊಂದು ವ್ರತವಿತ್ತು: ವೈರನ್ನು ಕತ್ತರಿಸುವುದಿಲ್ಲ. ಉದ್ದ ಹೆಚ್ಚಾದರೆ ಸುತ್ತಿಡಬೇಕು, ಇಲ್ಲವೆ ಇನ್ನೊಂದು ಕಡೆಗೆ ಒಯ್ಯಬೇಕು; ಕತ್ತರಿ ಹಾಕಕೂಡದು. ಇದು ಬರೀ ಕೈಯ ರೂಢಿ ಎಂದುಕೊಂಡಿದ್ದೆ. ಅವರ ಮನೆಯ ಪರಿಚಯವಾದ ಮೇಲೆ ಈ ವ್ರತ ಎಷ್ಟು ದೂರ ಹೋಗುತ್ತದೆಂಬುದು ತಿಳಿಯಿತು.

ನವಲಗುಂದದ ಹಳೆಯ ಓಣಿಯೊಂದರಲ್ಲಿ ಅವರ ಮನೆ. ಒಳಗೆ ಉರ್ದು, ನನ್ನಂಥವರು ಹೋದರೆ ಕನ್ನಡ. ನಡುಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿದ ಮಗ್ಗ, ಅದರೆದುರು ಹಸೀನಾಬಿ. ಅವರು ನೇಯುವುದು ಜಮಖಾನೆ. ಆ ಮನೆಯ ಜಮಖಾನೆಯ ನಡುವೆ ಕೊರಳನ್ನು ತುಸು ಕೊಂಕಿಸಿ ಬಲಕ್ಕೆ ನೋಡುವ ನವಿಲೊಂದು ಇರುತ್ತದೆ. ಚಿತ್ತಾರ ಎರಡೂ ಬದಿಯಲ್ಲಿ ಮೂಡಿದರೂ, ನುಣುಪಾದ ಬದಿ ಮೇಲ್ಮೈ, ನೂಲಿನ ತುದಿಗಳು ಉಳಿಯುವ ಬದಿ ಒಳಮೈ; ಮೇಲ್ಮೈಯಲ್ಲಿ ನವಿಲು ಬಲಕ್ಕೆ ನೋಡಿದರೆ ಅದು ಈ ಮನೆಯದೆಂದು ಪೇಟೆಗೆಲ್ಲ ಗೊತ್ತು. ಆ ಕೊರಳಿನ ಕೊಂಕು ಬೇರೆಯವರ ಕೈಗೆ ಬಾರದು. ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಅದು ಅತ್ತೆಯ ಕೈಯಿಂದ ಸೊಸೆಯ ಕೈಗೆ ಇಳಿದು ಬಂದದ್ದು. ಮಗಳಿಗೆ ಕಲಿಸುವುದಿಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು, ಅವಳ ಹಿಂದೆ ನವಿಲೂ ಹೋದೀತೆಂಬ ಭಯ ಆ ಮನೆಯ ಹಿರಿಯರಿಗೆ. ಕಾಕಾರ ತಾಯಿ ರಾಜಮಾಬಿ ಸೊಸೆಗೆ ನವಿಲು ಕಲಿಸುವ ಮೊದಲು ಮಗ್ಗದ ಮೇಲೆ ಕೈಯಿಡಿಸಿ, ಈ ಮನೆಯ ನವಿಲನ್ನು ಮಗಳಿಗೆ ಕಲಿಸುವುದಿಲ್ಲವೆಂದು ಆಣೆ ಮಾಡಿಸಿದ್ದರು. ಅದಕ್ಕೆ ಸಾಕ್ಷಿಯಾಗಿ ಬಾಗಿಲಲ್ಲಿ ನಿಂತವರು ಕಾಕಾರ ಅಕ್ಕ ಜೈತುನಬಿ, ಅದೇ ಕಟ್ಟಳೆಯಿಂದಾಗಿ ತಾಯಿಯ ನವಿಲನ್ನು ಕಲಿಯದೆ ಉಳಿದವರು.

ರಾಜಮಾಬಿ ತೀರಿಹೋದರು. ಹಸೀನಾಬಿಗೆ ಗಂಡುಮಕ್ಕಳಾಗಲಿಲ್ಲ. ಒಬ್ಬಳೇ ಮಗಳು ರೂಬಿನಾ ಕಲಘಟಗಿಗೆ ಮದುವೆಯಾಗಿ ಹೋದಳು. ಸೊಸೆ ಬರುವಂತಿಲ್ಲ, ಮಗಳಿಗೆ ಕಲಿಸುವಂತಿಲ್ಲ. ಅಷ್ಟರಲ್ಲಿ ಹಸೀನಾಬಿಗೆ ನೋಟದ ನಡುಭಾಗವೇ ಮಸುಕಾಗಿ, ಸುತ್ತಲಿನದು ಮಾತ್ರ ಕಾಣುವಂಥ ಕಣ್ಣಿನ ಬೇನೆ ಬಂತು. ಹುಬ್ಬಳ್ಳಿಯ ವೈದ್ಯರು ಇನ್ನು ಇದಕ್ಕಿಂತ ಸುಧಾರಿಸದು ಎಂದರು. ಒಂದು ಸಂಜೆ ಅವರು ಬರಿದಾದ ಮಗ್ಗದ ಮುಂದೆ ಕೂತು ನನ್ನೊಡನೆ ಹೇಳಿದ್ದರು: "ಆಣಿ ಮಾಡೇನ್ರಿ ಅಕ್ಕೋರ, ಮುರಿಯಾಕ ಆಗೂದಿಲ್ಲ. ಆದ್ರ ನವಲು ನನ್ನ ಕೈಯಾಗಽ ಸಾಯೂದನ್ನೂ ನೋಡಾಕ ಆಗೂದಿಲ್ಲ." ಬಾಗಿಲಲ್ಲಿ ಕೋಟು ತೊಟ್ಟು ನಿಂತಿದ್ದ ಕಾಕಾ ಎದೆಯ ಕಿಸೆಗಳ ಮೇಲೆ ಕೈಯಾಡಿಸಿಕೊಂಡರು.

ಕೆಲದಿನಗಳಲ್ಲಿ ಕಾಕಾ ತಮ್ಮ ಮನೆಗೇ ಒಂದು ಟಿವಿಯನ್ನೂ ಒಂದು ಕ್ಯಾಮೆರಾವನ್ನೂ ತಂದರು. "ಸಣ್ಣದು ಕಾಣವಲ್ದಂದ್ರ ದೊಡ್ಡದು ಮಾಡಿ ತೋರಸೂಣು" ಎಂಬುದು ಅವರ ಯೋಚನೆ. ತೊಲೆಗೆ ತಲೆಕೆಳಗಾಗಿ ಕಟ್ಟಿದ ಕ್ಯಾಮೆರಾ ಹಸೀನಾಬಿಯ ಹೆಗಲ ಮೇಲಿನಿಂದ ಮಗ್ಗವನ್ನು ನೋಡುವುದು. ಅದು ಕಂಡದ್ದೆಲ್ಲ ಮಗ್ಗದ ಪಕ್ಕದ ಟಿವಿಯಲ್ಲಿ ಹಿರಿದಾಗಿ ಮೂಡುವುದು. ಆಗ ರೂಬಿನಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ರಿಮೋಟು ಹಿಡಿದು ಟಿವಿಯೆದುರು ಕೂತವಳು ಅವಳು, ಏಣಿಯ ಮೇಲೆ ಬೆನ್ನು ತಿರುಗಿಸಿ ನಿಂತವರು ಕಾಕಾ. ಚಿತ್ರ ಬಂತು, ಆದರೆ ತಲೆಕೆಳಗು. ಮಗಳು ಕೆಳಗಿನದನ್ನು ಮೇಲೆ ಮಾಡುವ ಗುಂಡಿಯನ್ನು ಹುಡುಕಿ ಒತ್ತಿದಳು. "ತಲಿ ಮ್ಯಾಲ ಬಂತೇನವಾ?" "ಬಂತು ಅಬ್ಬಾ." ಅಲ್ಲಿಗೆ ಜೋಡಣೆ ಮುಗಿಯಿತು. ತಲೆಕೆಳಗಾದ ಚಿತ್ರದಲ್ಲಿ ಎಡ ಬಲವೂ ಅದಲುಬದಲಾಗಿರುತ್ತದೆ; ಆ ಮಾತನ್ನು ಯಾರೂ ಎತ್ತಲಿಲ್ಲ, ಕಾಕಾ ಎಂದಿನಂತೆ ಮುಂದೆ ಬಂದು ನೋಡಲೂ ಇಲ್ಲ.

ಕೂಸನ್ನು ನೋಡಲು ನಾನು ಹೋದ ಮಧ್ಯಾಹ್ನ ಇಡೀ ಓಣಿ ತೂಕಡಿಸುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಹತ್ತಿಯ ಸಣ್ಣ ಸಣ್ಣ ತುಣುಕುಗಳು ತೇಲುತ್ತಿದ್ದವು. ಟಿವಿಯಲ್ಲಿ ಹಸೀನಾಬಿಯ ಬೆರಳುಗಳು ಬಳ್ಳಿಗಳಷ್ಟು ಉದ್ದವಾಗಿ, ಕೆಂಪು ನೂಲುಗಳ ನಡುವೆ ನೀರಿನೊಳಗೆಂಬಂತೆ ಸುಳಿಯುತ್ತಿದ್ದವು. ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ, ಒಂದು ಉಗುರಿನ ಮೇಲಿನ ಗೋರಂಟಿ ಅಸ್ತಮಾನದ ಮುಗಿಲು. ಎಷ್ಟು ಹೊತ್ತು ನೋಡುತ್ತ ಕೂತೆನೋ ತಿಳಿಯದು. ಆಮೇಲೆ ಕಣ್ಣು ಮಗ್ಗದ ಕಡೆ ಹೋಗಿ ಗಾಬರಿಯಾಯಿತು.

"ಕಾಕಾ, ಮಗ್ಗದಾಗ ಬಲಕ್ಕ ನೋಡೋ ನವಲು ಟಿವಿಯಾಗ ಎಡಕ್ಕ ನೋಡಾಕತ್ತೈತಲ್ರಿ!"

ಕಾಕಾ ಅಂದು ಮೊದಲ ಬಾರಿಗೆ ತಾವು ಜೋಡಿಸಿದ ಟಿವಿಯ ಮುಂದೆ ಬಂದು ನಿಂತರು. ನೋಡಿದರು. ಕಿವಿಯವರೆಗೂ ಕೆಂಪಾಗಿ, "ತಪ್ಪ ಆತ್ರಿ, ಅಗದಿ ತಪ್ಪ ಆತು" ಎನ್ನುತ್ತ ರಿಮೋಟಿಗೆ ಕೈ ಚಾಚಿದರು.

"ಇರ್ಲಿ ಬಿಡ್ರಿ" ಎಂದರು ಹಸೀನಾಬಿ, ಕೈಯ ಕೆಲಸ ನಿಲ್ಲಿಸದೆ. "ಕನ್ನಡ್ಯಾಗ ನೋಡಿ ತಲಿ ಹಿಕ್ಕೊಂಡಂಗ ರೂಢಿ ಆಗೇತಿ."

ಕಾಕಾರ ಕೈ ಅರ್ಧದಲ್ಲೇ ನಿಂತಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. ನನಗೆ ಏನೂ ಅರ್ಥವಾಗದೆ, ಕೂಸನ್ನು ನೋಡಲೆಂದು ಒಳಕೋಣೆಗೆ ಹೋದೆ.

ತೊಟ್ಟಿಲಿನಾಚೆ, ಗೋಡೆಯ ಗೂಡಿನಲ್ಲಿ, ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟ ಕಂಪ್ಯೂಟರಿನ ಚಪ್ಪಟೆ ಪರದೆಯೊಂದು ಕೂತಿತ್ತು. ಅದರಲ್ಲೂ ಅದೇ ಬೆರಳುಗಳು, ಅದೇ ಕೆಂಪು ನೂಲು, ಎಡಕ್ಕೆ ನೋಡುವ ಅದೇ ನವಿಲು. ಒಂದು ಕಡೆಯಿಂದ ಬಂದ ಚಿತ್ರವನ್ನು ಎರಡು ಕಡೆ ಹರಿಸುವ ಡಬ್ಬಿಯನ್ನು ಕಾಕಾ ನಡುವೆ ಕೂಡಿಸಿದ್ದರು. ತೊಟ್ಟಿಲ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದ ರೂಬಿನಾ ರೆಪ್ಪೆ ಬಡಿಯದೆ ಅದನ್ನು ನೋಡುತ್ತಿದ್ದಳು. ಅವಳ ಇನ್ನೊಂದು ಕೈಯ ಬೆರಳುಗಳು ಮಡಿಲಿನಲ್ಲಿ, ತಾಯಿಯ ಬೆರಳುಗಳ ಜೊತೆ ಜೊತೆಗೆ, ಇಲ್ಲದ ನೂಲನ್ನು ಎತ್ತಿ ಇಳಿಸುತ್ತಿದ್ದವು. ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಕಾಕಾರ ಕಡೆ ತಿರುಗಿದೆ. ಅವರು ಚೌಕಟ್ಟನ್ನು ನೋಡುತ್ತ, "ವೈರ್ ಉಳಿದಿತ್ರಿ ಅಕ್ಕೋರ. ಕತ್ತರಸಾಕ ಮನಸ ಬರ್ಲಿಲ್ಲ" ಎಂದರು.

ಆಗ ನಡುಕೋಣೆಯ ಆ ಕೈ ಅಷ್ಟು ನಿಧಾನವಾದದ್ದೇಕೆಂದು ತಿಳಿಯಿತು. ಪೇಟೆಯಲ್ಲೇ ಬಿರುಸಿನ ಕೈ ಎಂದು ಹೆಸರಾದ ಹಸೀನಾಬಿ ಈಗ ಒಂದೊಂದು ಸಾಲು ಮುಗಿದೊಡನೆ ಅಂಗೈಯನ್ನು ನೂಲಿನ ಮೇಲಿನಿಂದ ಪಕ್ಕಕ್ಕೆ ಸರಿಸಿ, ಯಾರಿಗೋ ಕಾಣಲಿ ಎಂಬಂತೆ, ತುಸು ಹೊತ್ತು ಕಾಯುತ್ತಿದ್ದರು. ಅವರು ಕಲಿಸುತ್ತಿರಲಿಲ್ಲ, ನೇಯುತ್ತಿದ್ದರು. ಮಗಳು ಮಗ್ಗದ ಹತ್ತಿರ ಸುಳಿದಿರಲಿಲ್ಲ, ಕೂಸು ತೂಗುತ್ತಿದ್ದಳು. ಗೋಡೆಯ ಆಚೆ ಏನಿದೆ ಎಂದು ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಆ ಮನೆಯವರ ಮೇಲೆ ನನಗೆ ಹೇಳತೀರದಷ್ಟು ಪ್ರೀತಿ ಬಂತು.

ಬಾಣಂತನ ಮುಗಿದು ರೂಬಿನಾ ಕಲಘಟಗಿಗೆ ಹಿಂದಿರುಗಿದಳು. ಒಳಕೋಣೆಯ ಪರದೆ ಖಾಲಿಯಾಯಿತು. ಕಾಕಾ ಮಾತ್ರ ಆ ವೈರನ್ನು ತೆಗೆಯಲಿಲ್ಲ.

ಕೂಸಿಗೆ ವರ್ಷ ತುಂಬಿದಾಗ ಕಾಕಾರ ಮನೆಯಿಂದ ನನಗೂ ಕರೆ ಬಂತು. ಜೈತುನಬಿಯೂ ಬಂದಿದ್ದರು, ಗೋಡೆಗೆ ಆತು ಕೂತ, ನಗು ಕಡಿಮೆಯ ಹಿರಿಯ ಹೆಂಗಸು. ರೂಬಿನಾ ಕಲಘಟಗಿಯಲ್ಲಿ ತಾನೇ ನೇಯ್ದ ಒಂದು ಸುರುಳಿಯನ್ನು ತಂದು ನಡುಕೋಣೆಯಲ್ಲಿ ಹಾಸಿದಳು. ಕೆಂಪು ಜಮಖಾನೆ, ನಡುವೆ ನವಿಲು. ಕೊರಳಿನಲ್ಲಿ ಆ ಮನೆಯದೇ ಕೊಂಕು.

"ಹಸೀನಾ, ಆಣಿ ನೆನಪೈತೇನ?" ಎಂದರು ಜೈತುನಬಿ.

ಹಸೀನಾಬಿ ಬಾಗಿ, ಓರೆನೋಟದಿಂದ ನೋಡಿ, ಅಂಗೈಯಿಂದ ನವಿಲಿನ ಕೊರಳನ್ನು ಸವರಿದರು. "ನೆನಪೈತಿ ಆಪಾ. ನಮ್ಮ ನವಲು ಬಲಕ್ಕ ನೋಡತೈತಿ. ಇದು ಎಡಕ್ಕ ನೋಡತೈತಿ. ಇದು ಕಲಘಟಗಿ ನವಲು, ನಮ್ಮದಲ್ಲ."

ಜೈತುನಬಿ ಗೋಡೆಯನ್ನು ಬಿಟ್ಟು ಮುಂದೆ ಸರಿದು, ಜಮಖಾನೆಯ ಒಂದು ಅಂಚನ್ನು ಹಿಡಿದು ನಡುವಿನಾಚೆಗೂ ಮಗುಚಿದರು. ಒಳಮೈಯಲ್ಲಿ, ಉಳಿದ ನೂಲಿನ ತುದಿಗಳ ನಡುವೆ, ಅವರ ತಾಯಿಯ ನವಿಲು ಕೊರಳು ಕೊಂಕಿಸಿ ಬಲಕ್ಕೆ ನೋಡುತ್ತಿತ್ತು. ತಮಗೆಂದೂ ಕಲಿಸದಿದ್ದ ಆ ಕೊರಳಿನ ಮೇಲೆ ಅವರು ಒಂದೇ ಬೆರಳನ್ನು ಮೆಲ್ಲಗೆ ಎಳೆದರು. ಅವರ ಕಣ್ಣು ತುಂಬಿತ್ತು. ಅಂಚನ್ನು ಮತ್ತೆ ಕೆಳಗಿಳಿಸಿ, ಸುಕ್ಕು ಉಳಿಯದಂತೆ ಅಂಗೈಯಿಂದ ಒತ್ತಿ, "ಹೌದು, ನಮ್ಮದಲ್ಲ" ಎಂದರು. "ಕೂಸಿನ್ನ ತರ್ರಿ ಇಲ್ಲೆ, ಇದರ ಮ್ಯಾಲ ಕುಂದರಸೂಣು."

ಕಾಕಾ ಎಲ್ಲರ ಬೆನ್ನ ಹಿಂದೆ, ಗೋಡೆಯ ಮಗ್ಗುಲಲ್ಲಿ ನಿಂತಿದ್ದರು. ಅಲ್ಲಿಂದ ಅವರಿಗೆ ಜಮಖಾನೆ ಕಾಣುವಂತಿರಲಿಲ್ಲ. ಅವರು ಇಣುಕಿ ಅಕ್ಕನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಆಮೇಲೆ ಮಗಳ ಕಡೆ ತಿರುಗಿ ಪಿಸುದನಿಯಲ್ಲಿ ಕೇಳಿದರು, "ಬಂತೇನವಾ?"

"ಬಂತು ಅಬ್ಬಾ" ಎಂದಳು ರೂಬಿನಾ.

ಜೋಡಿಸುವವರೆಂಬ ಒಂದು ಬಗೆಯ ಜನ ಲೋಕದಲ್ಲಿದ್ದಾರೆ. ಚಿತ್ರವೂ ಅವರದಲ್ಲ, ಅದು ಮೂಡುವ ಪರದೆಯೂ ಅವರದಲ್ಲ. ಎರಡರ ನಡುವಿನ ಕತ್ತಲೆಯ ಇಕ್ಕಟ್ಟು ಮಾತ್ರ ಅವರ ಪಾಲಿನದು. ಮಿಕ್ಕವರು ಎದುರಿಗೆ ಕೂತು ನೋಡುವುದನ್ನು ಅವರು ನೋಡುವವರ ಮುಖದಲ್ಲಿ ಓದಿಕೊಳ್ಳುತ್ತಾರೆ, ಅಷ್ಟಕ್ಕೇ ತಣಿಯುತ್ತಾರೆ. ಅವರಿಂದ ತಪ್ಪಾಗುವುದೂ ಉಂಟು, ಎಡ ಬಲವಾಗುವುದೂ ಉಂಟು. ಆದರೆ ಹರಿಯುವುದು ಎಲ್ಲಿಯೂ ಕಡಿದುಹೋಗದಿರಲಿ ಎಂಬ ಅವರ ಹಟದಿಂದಲೇ ಒಂದು ಮನೆಯದು ಇನ್ನೊಂದು ಮನೆಗೆ, ತೀರಿಹೋದವರದು ತೊಟ್ಟಿಲಿನವರಿಗೆ ತಲುಪುತ್ತ ಬಂದಿದೆ. ಈಗ ನವಲಗುಂದದ ಪೇಟೆಯಲ್ಲಿ ಕಾಕಾರ ಹಿಂದೆ ನಡೆಯುವಾಗ, ಅವರು ಕಾಲೆತ್ತಿದಲ್ಲಿ ನಾನೂ ಎತ್ತುತ್ತೇನೆ. ಅಲ್ಲಿ ವೈರಿಲ್ಲವೆಂದು ಹೇಳುವ ಧೈರ್ಯ ಈಗ ನನಗಿಲ್ಲ.